ಪಕ್ಷದ ಹೆಸರು ಮುಚ್ಚಿಟ್ಟು ಸಿದ್ಧಾಂತ ಗುರುತಿಸುವುದು ಹೇಗೆ?

ಡೆನ್ಮಾರ್ಕ್‌ನಲ್ಲಿ ವೆನ್‌ಸ್ಟ್ರೆ ಎಂಬ ಹಳೆಯ ಪಕ್ಷವಿದೆ. ಹೆಸರಿನ ಅರ್ಥ 'ಎಡ'. ಆದರೆ ಇವತ್ತು ಅದು ನಿಂತಿರುವುದು ಮಧ್ಯದಿಂದ ಬಲಕ್ಕೆ. ಪೋರ್ಚುಗಲ್‌ನ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಕಥೆಯೂ ಅದೇ. 1955ರಲ್ಲಿ ಹುಟ್ಟಿದ ಜಪಾನಿನ ಲಿಬರಲ್ ಡೆಮಾಕ್ರಟಿಕ್ ಪಕ್ಷದಲ್ಲಿ ತುಂಬಿರುವವರು ಸಂಪ್ರದಾಯವಾದಿಗಳು. ಬರೀ ಹೆಸರು ನೋಡಿ 'ಇವರು ಇಂಥ ಸಿದ್ಧಾಂತದವರು' ಅಂತ ಹೇಳಲು ಹೊರಟರೆ ಮೋಸ ಹೋಗುವುದು ಖಂಡಿತ.

ಹಾಗಾಗಿ ಯಾವುದಾದರೂ ಒಂದು ಪಕ್ಷದ ಪ್ರಣಾಳಿಕೆ ತೆಗೆದುಕೊಳ್ಳಿ. ಯಾವ ದೇಶದ್ದಾದರೂ ಸರಿ, ಎಷ್ಟು ಹಳೆಯದಾದರೂ ಸರಿ. ಕೈಯಲ್ಲೊಂದು ಪೆನ್ಸಿಲ್ ಇರಲಿ. ಹೆಸರು, ಚಿಹ್ನೆ, ನಾಯಕರ ಫೋಟೊ ಇರುವ ಮುಖಪುಟವನ್ನು ಮಡಚಿಬಿಡಿ. ಈಗ ಶುರು ಮಾಡೋಣ.

ಹಂತ 1: ಮೂರು ಪ್ರಶ್ನೆ ಕೇಳಿ

ರಾಜಕೀಯ ಸಿದ್ಧಾಂತ ಎಂದರೆ ಘೋಷಣೆಗಳ ಪಟ್ಟಿಯಲ್ಲ. ಅದರಲ್ಲಿ ಮೂರು ಸಂಗತಿಗಳು ಇರಲೇಬೇಕು. ಈಗಿನ ಸಮಾಜ ಹೇಗಿದೆ, ಎಲ್ಲಿ ಕೆಟ್ಟಿದೆ? ಅದು ಹೇಗಿರಬೇಕು? ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಯಾವುದು? ಪ್ರಣಾಳಿಕೆಯ ಸಾಲುಗಳನ್ನು ಓದುತ್ತಾ ಪಕ್ಕದಲ್ಲಿ 1, 2, 3 ಎಂದು ಗುರುತು ಹಾಕಿ. ದೂರು ಇದ್ದರೆ 1, ಕನಸು ಇದ್ದರೆ 2, ದಾರಿ ಇದ್ದರೆ 3.

ಮೂರನ್ನೂ ಬೇರೆ ಬೇರೆ ನೋಡುವುದು ಯಾಕೆ ಮುಖ್ಯ ಅಂದರೆ, ಎರಡು ಸಿದ್ಧಾಂತಗಳು ಕನಸಿನಲ್ಲಿ ಒಂದಾಗಿ ದಾರಿಯಲ್ಲಿ ಕಿತ್ತಾಡಬಹುದು. ಮಾರ್ಕ್ಸ್ ಮತ್ತು ರಷ್ಯಾದ ಅರಾಜಕತಾವಾದಿ ಬಕುನಿನ್ ಇಬ್ಬರೂ ಬಂಡವಾಳಶಾಹಿಯನ್ನು ದ್ವೇಷಿಸಿದರು. ಕೊನೆಗೆ ಪ್ರಭುತ್ವವೇ ಇಲ್ಲದ ಸಮಾಜ ಬರಬೇಕು ಎಂದು ಇಬ್ಬರೂ ಬಯಸಿದರು. ಆದರೆ ಕಾರ್ಮಿಕರು ಮೊದಲು ಅಧಿಕಾರ ಹಿಡಿಯಬೇಕು ಎಂದು ಮಾರ್ಕ್ಸ್ ಹೇಳಿದರೆ, ಅಧಿಕಾರ ಯಾರ ಕೈಗೆ ಹೋದರೂ ಅದು ಹೊಸ ದಬ್ಬಾಳಿಕೆಯೇ ಎಂದು ಬಕುನಿನ್ ವಾದಿಸಿದ. 1872ರಲ್ಲಿ ಹೇಗ್ ನಗರದಲ್ಲಿ ನಡೆದ ಮೊದಲ ಇಂಟರ್‌ನ್ಯಾಷನಲ್‌ನ (ಹಲವು ದೇಶಗಳ ಕಾರ್ಮಿಕರ ಸಂಘಟನೆ) ಸಮಾವೇಶದಲ್ಲಿ ಬಕುನಿನ್‌ನನ್ನು ಹೊರಗೆ ಹಾಕಿದರು. ಕಮ್ಯುನಿಸಂ ಮತ್ತು ಅರಾಜಕತಾವಾದ ಅಲ್ಲಿಂದ ಮುಂದೆ ಬೇರೆ ಬೇರೆ ಹಾದಿ ಹಿಡಿದವು. ಜಗಳ ಇದ್ದದ್ದು ಮೂರನೇ ಪ್ರಶ್ನೆಯಲ್ಲಿ ಮಾತ್ರ.

ಹಂತ 2: ಪ್ರತಿ ಭರವಸೆಯ ಪಕ್ಕ 'ಯಾಕೆ' ಬರೆಯಿರಿ

ಇದೇ ಅತಿ ಮುಖ್ಯವಾದ ಹಂತ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. 'ಬಡವರಿಗೆ ಪಿಂಚಣಿ' ಎಂದು ಕಂಡ ಕೂಡಲೇ ಎಡಪಂಥ ಎನ್ನುತ್ತೇವೆ, 'ತೆರಿಗೆ ಕಡಿತ' ಎಂದರೆ ಬಲಪಂಥ ಎನ್ನುತ್ತೇವೆ. ಅಷ್ಟು ಸುಲಭ ಇಲ್ಲ.

ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಾಯಿಲೆ ವಿಮೆ ತಂದ. 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ. 70 ವರ್ಷ ತುಂಬಿದವರಿಗೆ ಸಿಗುತ್ತಿದ್ದ ಆ ಪಿಂಚಣಿ ಜಗತ್ತಿಗೇ ಮಾದರಿಯಾಯಿತು. ಹಾಗಾದರೆ ಬಿಸ್ಮಾರ್ಕ್ ಸಮಾಜವಾದಿಯೇ? 1878ರಲ್ಲಿ ಸಮಾಜವಾದಿಗಳ ಸಂಘಟನೆಗಳನ್ನೂ ಪತ್ರಿಕೆಗಳನ್ನೂ ನಿಷೇಧಿಸುವ ಕಾನೂನು ತಂದವನೂ ಅವನೇ! ಕಾರ್ಮಿಕರು ಸಮಾಜವಾದಿಗಳ ಕಡೆ ವಾಲದೆ ಪ್ರಭುತ್ವಕ್ಕೆ ನಿಷ್ಠರಾಗಿರಲಿ, ಹಳೆಯ ವ್ಯವಸ್ಥೆ ಉಳಿಯಲಿ ಎನ್ನುವುದು ಅವನ ಲೆಕ್ಕ. ಯೋಜನೆ ಬಡವರದ್ದು, ಕಾರಣ ಸಂಪ್ರದಾಯವಾದಿಯದ್ದು.

ಇದರ ಉಲ್ಟಾ ಉದಾಹರಣೆಯೂ ಇದೆ. ಕಡಿಮೆ ಆದಾಯದವರಿಗೆ ಸರ್ಕಾರ ನೇರವಾಗಿ ದುಡ್ಡು ಕೊಡಲಿ ಎಂದು 1962ರಲ್ಲಿ ಬರೆದವರು ಮುಕ್ತ ಮಾರುಕಟ್ಟೆಯ ದೊಡ್ಡ ವಕೀಲ ಮಿಲ್ಟನ್ ಫ್ರೀಡ್‌ಮನ್. ಹತ್ತಾರು ಕಲ್ಯಾಣ ಯೋಜನೆ, ಅವುಗಳ ಕಚೇರಿ, ಅಧಿಕಾರಿಗಳು ಎಲ್ಲ ಕಡಿಮೆಯಾಗಲಿ, ಖರ್ಚು ಮಾಡುವ ತೀರ್ಮಾನ ಜನರ ಕೈಗೆ ಬರಲಿ ಎನ್ನುವುದು ಅವರ ಕಾರಣ. ಅದೇ ರೀತಿಯ ನಗದು ನೆರವನ್ನು ಎಡಪಂಥೀಯರು ಕೇಳುವುದು ಸಂಪತ್ತು ಹಂಚಿಕೆಯಾಗಲಿ ಎಂದು. ಪ್ರಣಾಳಿಕೆಯಲ್ಲಿ ಎರಡೂ ಒಂದೇ ಸಾಲು. ಆ 'ಯಾಕೆ' ಸಿಗದ ಭರವಸೆಗಳ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಪುಟ ತುಂಬಾ ಅಂಥ ಚಿಹ್ನೆಗಳೇ ಆದರೆ, ಅದು ಸಿದ್ಧಾಂತವಲ್ಲ, ಬರೀ ಚುನಾವಣೆ.

ಹಂತ 3: ಎಡವೋ ಬಲವೋ ನೋಡಿ

ಈ ಎಡ-ಬಲದ ಮಾತು ಶುರುವಾದದ್ದು 1789ರ ಫ್ರಾನ್ಸ್‌ನಲ್ಲಿ. ಕ್ರಾಂತಿಯ ಹೊತ್ತಿನ ರಾಷ್ಟ್ರೀಯ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಸಭೆ ಮಾಡಿದ ಕಾನೂನನ್ನು ತಡೆಯುವ ಅಧಿಕಾರ ರಾಜನಿಗೆ ಇರಬೇಕೇ? ರಾಜನ ಪರ ಇದ್ದವರು ಸಭಾಧ್ಯಕ್ಷರ ಬಲಕ್ಕೆ ಕೂತರು, ವಿರೋಧಿಸಿದವರು ಎಡಕ್ಕೆ. ಕುರ್ಚಿಗಳ ಆ ವ್ಯವಸ್ಥೆ ಇಡೀ ಜಗತ್ತಿನ ರಾಜಕೀಯ ಭಾಷೆಯಾಗಿಬಿಟ್ಟಿತು.

ಇವತ್ತು ರಾಜರ ಪ್ರಶ್ನೆ ಬಹುತೇಕ ಮುಗಿದಿದೆ. ಹಾಗಾದರೆ ಎಡ-ಬಲ ಅಳೆಯುವುದು ಹೇಗೆ? ಇಟಲಿಯ ಚಿಂತಕ ನೊರ್ಬೆರ್ಟೊ ಬೊಬ್ಬಿಯೊ 1994ರಲ್ಲಿ ಕೊಟ್ಟ ಉತ್ತರ ನನಗೆ ಎಲ್ಲಕ್ಕಿಂತ ಉಪಯುಕ್ತ ಅನಿಸುತ್ತದೆ. ಸಮಾನತೆಯ ಬಗ್ಗೆ ಪಕ್ಷದ ನಿಲುವು ಏನು ಎಂದು ಕೇಳಿ. ಜನರ ನಡುವಿನ ಹೆಚ್ಚುಕಡಿಮೆಗಳಲ್ಲಿ ಬಹುಪಾಲು ಸಮಾಜ ಮಾಡಿದ್ದು, ಅದನ್ನು ಕಡಿಮೆ ಮಾಡಬಹುದು ಮತ್ತು ಮಾಡಬೇಕು ಎನ್ನುವವರು ಎಡಕ್ಕೆ. ಬಹುಪಾಲು ಸಹಜವಾದದ್ದು, ಸಮ ಮಾಡಲು ಹೊರಟರೆ ಒಳಿತಿಗಿಂತ ಹಾನಿಯೇ ಜಾಸ್ತಿ ಎನ್ನುವವರು ಬಲಕ್ಕೆ.

ಹಂತ 4: ಇನ್ನೊಂದು ಗೆರೆ ಎಳೆಯಿರಿ

ಒಂದೇ ಗೆರೆಯ ತೊಂದರೆ ಬೇಗ ಗೊತ್ತಾಗುತ್ತದೆ. ಸ್ಟಾಲಿನ್ ಮತ್ತು ಬಕುನಿನ್ ಇಬ್ಬರನ್ನೂ ಎಡದ ತುದಿಯಲ್ಲಿ ಕೂರಿಸಬೇಕಾಗುತ್ತದೆ. ಅವರಿಬ್ಬರು ಒಂದೇ ಬೆಂಚಿನಲ್ಲಿ ಕೂರುವವರಾ? ಅದಕ್ಕೇ ಅಡ್ಡಗೆರೆಯ ಜೊತೆ ಒಂದು ಉದ್ದಗೆರೆ ಬಂತು. ಮೇಲೆ ಬಿಗಿ ಅಧಿಕಾರ, ಕೆಳಗೆ ವ್ಯಕ್ತಿಯ ಸ್ವಾತಂತ್ರ್ಯ. ಹೀಗೆ ಎರಡು ಗೆರೆಗಳ ನಕ್ಷೆಯನ್ನು ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ 1954ರಲ್ಲೇ ಬೇರೆ ಅಳತೆಗಳಿಂದ ಮಾಡಿದ್ದರು. ಅಮೆರಿಕದ ಡೇವಿಡ್ ನೋಲನ್ 1969ರಲ್ಲಿ ಆರ್ಥಿಕ ಸ್ವಾತಂತ್ರ್ಯ, ವೈಯಕ್ತಿಕ ಸ್ವಾತಂತ್ರ್ಯ ಎಂಬ ಎರಡು ಗೆರೆ ಎಳೆದರು. ಇಂಟರ್‌ನೆಟ್‌ನಲ್ಲಿ ಸಿಗುವ 'ನಿಮ್ಮ ಸಿದ್ಧಾಂತ ಯಾವುದು' ಪರೀಕ್ಷೆಗಳಲ್ಲಿ ಬಹಳಷ್ಟು ಇವುಗಳ ಮಕ್ಕಳು, ಮೊಮ್ಮಕ್ಕಳು.

ಒಂದು ಎಚ್ಚರಿಕೆ. ನೋಲನ್ ಸ್ವತಃ ಲಿಬರ್ಟೇರಿಯನ್, ಅಂದರೆ ಸರ್ಕಾರ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು ಎನ್ನುವವರು. ಅವರ ನಕ್ಷೆಯಲ್ಲಿ ಎರಡೂ ಗೆರೆ ಸ್ವಾತಂತ್ರ್ಯವನ್ನೇ ಅಳೆಯುತ್ತವೆ. ಎರಡರಲ್ಲೂ ಪೂರ್ತಿ ಅಂಕ ಸಿಗುವುದು ಯಾರಿಗೆ ಹೇಳಿ? ಅವರ ಪಕ್ಷಕ್ಕೇ! ಗೆರೆ ಎಳೆದವರು ಯಾರು ಎನ್ನುವುದರ ಮೇಲೆ ನಕ್ಷೆ ನಿಂತಿರುತ್ತದೆ. ನಿಮ್ಮ ಪ್ರಣಾಳಿಕೆಗೆ ಹಾಳೆಯ ಮೇಲೆ ಒಂದು ಚುಕ್ಕೆ ಇಡಿ, ಆದರೆ ಅದನ್ನು ಪೆನ್ಸಿಲ್‌ನಲ್ಲೇ ಇಡಿ.

ಹಂತ 5: ಮನೆತನ ಹುಡುಕಿ

ಚುಕ್ಕೆ ಇಟ್ಟಾಯಿತು. ಈಗ ಯಾವ ಮನೆತನದ್ದು ಎಂದು ನೋಡಬೇಕು. ಮನೆತನ ಎಂದದ್ದು ಬೇಕಂತಲೇ. ಒಂದೇ ಮನೆಯವರಿಗೆ ಹೋಲಿಕೆ ಇರುತ್ತದೆ, ಜಗಳವೂ ಇರುತ್ತದೆ. ಮೈಕೆಲ್ ಫ್ರೀಡನ್ ಎಂಬ ವಿದ್ವಾಂಸರು 1996ರಲ್ಲಿ ಹೇಳಿದ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ: ಪ್ರತಿ ಸಿದ್ಧಾಂತದಲ್ಲೂ ತೆಗೆದರೆ ಎಲ್ಲವೂ ಕುಸಿಯುವಂಥ ತಿರುಳು ಇರುತ್ತದೆ. ಉಳಿದ ವಿಚಾರಗಳು ಕಾಲಕ್ಕೆ ತಕ್ಕಂತೆ ಬಂದುಹೋಗುತ್ತವೆ. ಆ ತಿರುಳನ್ನು ಹುಡುಕಿ.

ಉದಾರವಾದದ ತಿರುಳು ವ್ಯಕ್ತಿಯ ಸ್ವಾತಂತ್ರ್ಯ. 17ನೇ ಶತಮಾನದ ಜಾನ್ ಲಾಕ್, 1776ರ ಆಡಂ ಸ್ಮಿತ್, 1859ರಲ್ಲಿ ವ್ಯಕ್ತಿಸ್ವಾತಂತ್ರ್ಯದ ಗಡಿ ಯಾವುದು ಎಂದು ಬರೆದ ಜಾನ್ ಸ್ಟುವರ್ಟ್ ಮಿಲ್ ಎಲ್ಲರೂ ಈ ಮನೆಯವರು. ಆದರೆ 19ನೇ ಶತಮಾನದ ಕೊನೆಗೆ ಮನೆ ಪಾಲಾಯಿತು. ಸರ್ಕಾರ ದೂರ ಇದ್ದರೆ ಅದೇ ಸ್ವಾತಂತ್ರ್ಯ ಎಂದು ಕೆಲವರು. ಹಸಿದವನಿಗೆ, ಓದು ಬಾರದವನಿಗೆ ಅಂಥ ಸ್ವಾತಂತ್ರ್ಯದಿಂದ ಏನು ಪ್ರಯೋಜನ ಎಂದು ಇನ್ನು ಕೆಲವರು. 1942ರಲ್ಲಿ ಬ್ರಿಟನ್ನಿನ ಕಲ್ಯಾಣ ರಾಜ್ಯಕ್ಕೆ ನೀಲನಕ್ಷೆ ಬರೆದ ವಿಲಿಯಂ ಬೆವರಿಜ್ ಸಮಾಜವಾದಿಯಲ್ಲ, ಉದಾರವಾದಿ. ಅಮೆರಿಕದಲ್ಲಿ ಲಿಬರಲ್ ಎಂದರೆ ಎಡಕ್ಕೆ ವಾಲಿದವರು, ಯುರೋಪಿನ ಬಹಳಷ್ಟು ಕಡೆ ಮಾರುಕಟ್ಟೆಯ ಪರ ಇರುವವರು. ಈ ಗೊಂದಲದ ಬೇರು ಆ ಪಾಲುಪಟ್ಟಿಯಲ್ಲೇ ಇದೆ.

ಸಂಪ್ರದಾಯವಾದವನ್ನು 'ಬದಲಾವಣೆ ಬೇಡ' ಎಂಬ ಒಂದೇ ಮಾತಿಗೆ ಇಳಿಸಬೇಡಿ. ಫ್ರಾನ್ಸ್‌ನ ಕ್ರಾಂತಿಯನ್ನು 1790ರಲ್ಲಿ ಕಟುವಾಗಿ ಟೀಕಿಸಿದ ಎಡ್ಮಂಡ್ ಬರ್ಕ್, ಅಮೆರಿಕದ ವಸಾಹತುಗಳ ಅಹವಾಲಿನ ಪರವಾಗಿ ಬ್ರಿಟಿಷ್ ಸಂಸತ್ತಿನಲ್ಲಿ ಮಾತಾಡಿದವನು. ಅವನ ವಾದ ಇಷ್ಟು: ಹಲವು ತಲೆಮಾರು ಸೇರಿ ಕಟ್ಟಿದ ವ್ಯವಸ್ಥೆಯಲ್ಲಿ ಒಂದು ತಲೆಮಾರಿಗೆ ಕಾಣದ ಬುದ್ಧಿ ಅಡಗಿರುತ್ತದೆ, ಕೈ ಹಾಕುವುದಾದರೆ ನಿಧಾನವಾಗಿ ಹಾಕಿ. ಉಳಿಸಿಕೊಳ್ಳಲು ಬೇಕಾದಷ್ಟು ಬದಲಿಸಿ.

ಸಮಾಜವಾದದ ತಿರುಳು ಸಮಾನತೆ ಮತ್ತು ಸಂಪತ್ತಿನ ಮೇಲೆ ಸಮುದಾಯದ ಹಿಡಿತ. 1848ರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಬರೆದ ಪ್ರಣಾಳಿಕೆ ಎಲ್ಲರಿಗೂ ಗೊತ್ತು. ಕ್ರಾಂತಿ ಬೇಕೋ, ಮತಪೆಟ್ಟಿಗೆ ಸಾಕೋ ಎನ್ನುವುದು ಈ ಮನೆಯ ಹಳೆಯ ಜಗಳ. 1919ರಲ್ಲಿ ಲೆನಿನ್ ಮುಂದಾಳತ್ವದಲ್ಲಿ ಬೇರೆಯೇ ಇಂಟರ್‌ನ್ಯಾಷನಲ್ ಹುಟ್ಟಿದ ಮೇಲೆ ಕಮ್ಯುನಿಸ್ಟರೂ ಸೋಶಿಯಲ್ ಡೆಮಾಕ್ರಟರೂ ಎರಡು ಮನೆಯವರೇ ಆಗಿಬಿಟ್ಟರು.

ಸ್ತ್ರೀವಾದಕ್ಕೆ 1792ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಬರೆದ ಪುಸ್ತಕದಷ್ಟು ಹಳೆಯ ಬೇರಿದೆ. ಪರಿಸರವಾದ ಪಕ್ಷಗಳ ರೂಪ ಪಡೆದದ್ದು 1970ರ ದಶಕದಲ್ಲಿ. ಆರ್ಥಿಕ ಬೆಳವಣಿಗೆಯೇ ಬೇಕೇ ಎಂಬ ಅದರ ಪ್ರಶ್ನೆ ಎಡಕ್ಕೂ ಬಲಕ್ಕೂ ಇರುಸುಮುರುಸು ತರುವಂಥದ್ದು.

ಇನ್ನು ಕೆಲವಕ್ಕೆ ಸ್ವಂತ ಮನೆಯಿಲ್ಲ, ಯಾರ ಮನೆಯಲ್ಲಾದರೂ ಬಾಡಿಗೆಗೆ ಇರುತ್ತವೆ. ರಾಷ್ಟ್ರೀಯವಾದ ಹಾಗೆ. ವಿಯೆಟ್ನಾಂನ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ 1945ರ ಸೆಪ್ಟೆಂಬರ್ 2ರಂದು ಸ್ವಾತಂತ್ರ್ಯ ಘೋಷಿಸಿದಾಗ, ಭಾಷಣ ಶುರು ಮಾಡಿದ್ದು ಅಮೆರಿಕದ 1776ರ ಘೋಷಣೆಯ ಸಾಲುಗಳಿಂದ. ಪಾಪ್ಯುಲಿಸಂ ಕೂಡ ಇದೇ ಜಾತಿಯದ್ದು. ಒಂದು ಕಡೆ ಶುದ್ಧ ಜನ, ಇನ್ನೊಂದು ಕಡೆ ಕೆಟ್ಟ ಗಣ್ಯರು ಎಂದು ಸಮಾಜವನ್ನು ಸೀಳುವ ತೆಳು ಸಿದ್ಧಾಂತ ಎಂದು ರಾಜಕೀಯ ವಿಜ್ಞಾನಿ ಕಾಸ್ ಮುಡ್ಡೆ 2004ರಲ್ಲಿ ಇದನ್ನು ವಿವರಿಸಿದರು. ನಿಮ್ಮ ಪ್ರಣಾಳಿಕೆಯಲ್ಲಿ ಇದು ಕಂಡರೆ ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಇನ್ನೊಂದು ಸಿದ್ಧಾಂತ ಇದ್ದೇ ಇರುತ್ತದೆ.

ಹಂತ 6: ನಕ್ಷೆ ಹೊಂದದಿದ್ದರೆ ನಕ್ಷೆಯನ್ನು ಅನುಮಾನಿಸಿ

ಈ ಮನೆತನಗಳ ಪಟ್ಟಿ ಬಹುಪಾಲು ಯುರೋಪಿನ ಜಗಳಗಳಿಂದ ಬಂದದ್ದು: ಚರ್ಚು ಮತ್ತು ಪ್ರಭುತ್ವ, ಹಳ್ಳಿ ಮತ್ತು ಪಟ್ಟಣ, ಮಾಲೀಕ ಮತ್ತು ಕಾರ್ಮಿಕ. ಬೇರೆ ಕಡೆ ಜಗಳವೇ ಬೇರೆ. 1936ರಲ್ಲಿ ಅಂಬೇಡ್ಕರ್ ಭಾರತದ ಸಮಾಜವಾದಿಗಳಿಗೆ ಕೇಳಿದ್ದು ಇದನ್ನೇ. ಜಾತಿಯನ್ನು ಮುಟ್ಟದೆ ಬರೀ ಆಸ್ತಿಯ ಮೇಲೆ ಕ್ರಾಂತಿ ಮಾಡಲು ಆಗುತ್ತದೆಯೇ? ತಾಂಜಾನಿಯದ ಜೂಲಿಯಸ್ ನ್ಯೆರೆರೆ 1967ರ ಅರುಶಾ ಘೋಷಣೆಯ ಹೊತ್ತಿಗೆ ಉಜಮಾ ಎಂಬ ಸಮಾಜವಾದವನ್ನು ಮುಂದಿಟ್ಟರು. ಅದರ ಬೇರು ವರ್ಗ ಸಂಘರ್ಷದಲ್ಲಿ ಇರಲಿಲ್ಲ, ಆಫ್ರಿಕಾದ ಕೂಡುಕುಟುಂಬದ ಬದುಕಿನಲ್ಲಿ ಇತ್ತು. ಇಂಥವನ್ನು ಯುರೋಪಿನ ಹಾಳೆಯಲ್ಲಿ ಒಂದು ಚುಕ್ಕೆ ಮಾಡಿದರೆ ತಿರುಳೇ ಕಳೆದುಹೋಗುತ್ತದೆ. ಆ ನೆಲದ ಮುಖ್ಯ ಜಗಳ ಯಾವುದು ಎಂದು ತಿಳಿದುಕೊಂಡು ಅದಕ್ಕೊಂದು ಗೆರೆ ನೀವೇ ಎಳೆಯಿರಿ.

ಹಂತ 7: ಮಾಡಿದ್ದನ್ನು ಪಕ್ಕದಲ್ಲಿಟ್ಟು ಓದಿ

1919ರಲ್ಲಿ ಇಟಲಿಯ ಫ್ಯಾಸಿಸ್ಟರು ಹೊರಡಿಸಿದ ಕಾರ್ಯಕ್ರಮ ಓದಿದರೆ ಆಶ್ಚರ್ಯವಾಗುತ್ತದೆ. ದಿನಕ್ಕೆ 8 ಗಂಟೆ ದುಡಿಮೆ, ಹೆಂಗಸರಿಗೆ ಮತದಾನ, ಬಂಡವಾಳದ ಮೇಲೆ ಭಾರೀ ತೆರಿಗೆ. ಹೆಸರು ಮುಚ್ಚಿಟ್ಟರೆ ಯಾರಾದರೂ ಎಡ ಎಂದೇ ಹೇಳುತ್ತಾರೆ. ಆದರೆ ಆ ಹೊತ್ತಿಗಾಗಲೇ ಅವರ ಗುಂಪು ಸಮಾಜವಾದಿ ಪತ್ರಿಕೆಯೊಂದರ ಕಚೇರಿಗೆ ಬೆಂಕಿ ಇಟ್ಟಿತ್ತು. ಅವರ ನಾಯಕ ಮುಸೊಲಿನಿ 1922ರಲ್ಲಿ ಅಧಿಕಾರಕ್ಕೆ ಬಂದ. 1926ರ ಕಾನೂನಿನಲ್ಲಿ ಮುಷ್ಕರವೇ ಅಪರಾಧವಾಯಿತು. ಚುನಾವಣೆಗಳು ನಾಟಕವಾದವು. ಹೆಸರು ಮುಚ್ಚಿಡುವ ನಮ್ಮ ಉಪಾಯ ಸೋಲುವುದು ಇಂಥ ಕಡೆ. ಕಾಗದ ಮಾತ್ರ ನೋಡಿದರೆ ಸಾಲದು.

ಆದ್ದರಿಂದ ಮುಖಪುಟ ಬಿಚ್ಚಿ. ಆ ಪಕ್ಷ ಅಧಿಕಾರದಲ್ಲಿ ಇದ್ದಿದ್ದರೆ ಬಜೆಟ್ ನೋಡಿ. ವಿರೋಧ ಪಕ್ಷವಾಗಿದ್ದರೆ ಯಾವ ಮಸೂದೆಗೆ ಹೇಗೆ ಮತ ಹಾಕಿತು ನೋಡಿ. ಎಲ್ಲ ಪಕ್ಷಗಳೂ ಸ್ವಾತಂತ್ರ್ಯ, ಸಮಾನತೆ, ಭದ್ರತೆ ಮೂರನ್ನೂ ಹೊಗಳುತ್ತವೆ. ಎರಡು ಡಿಕ್ಕಿ ಹೊಡೆದಾಗ ಯಾವುದನ್ನು ಬಿಟ್ಟುಕೊಟ್ಟವು ಎನ್ನುವುದೇ ನಿಮಗೆ ಬೇಕಾದ ಮಾಹಿತಿ. ಹಂತ 5ರಲ್ಲಿ ನೀವು ಗುರುತಿಸಿದ ತಿರುಳನ್ನೇ ಅವರು ಬಿಟ್ಟುಕೊಟ್ಟಿದ್ದರೆ, ಆ ಗುರುತನ್ನು ಅಳಿಸಿ.

ಸಮಯ ಇದ್ದರೆ ಅದೇ ಪಕ್ಷದ ಹಳೆಯ ಪ್ರಣಾಳಿಕೆಯನ್ನೂ ಹೀಗೇ ಓದಿ. ಅಭ್ಯಾಸಕ್ಕೆ ಜರ್ಮನಿಯ ಸೋಶಿಯಲ್ ಡೆಮಾಕ್ರಟಿಕ್ ಪಕ್ಷ ಚೆನ್ನಾಗಿದೆ. 1891ರ ಎರ್‌ಫರ್ಟ್ ಕಾರ್ಯಕ್ರಮದಲ್ಲಿ ಮಾರ್ಕ್ಸ್ ತುಂಬಿಕೊಂಡಿದ್ದಾನೆ. 1959ರ ಗೋಡೆಸ್‌ಬರ್ಗ್ ಕಾರ್ಯಕ್ರಮದಲ್ಲಿ ಸಾಧ್ಯವಾದಷ್ಟು ಪೈಪೋಟಿ, ಅಗತ್ಯ ಇದ್ದಷ್ಟು ಯೋಜನೆ ಎಂಬ ಮಾತು ಬಂದಿದೆ. ಎರಡಕ್ಕೂ ಒಂದೇ ಹಾಳೆಯಲ್ಲಿ ಚುಕ್ಕೆ ಇಟ್ಟು, ನಡುವೆ ಬಾಣದ ಗುರುತು ಹಾಕಿ, ಪಕ್ಕದಲ್ಲಿ ಇಸವಿ ಬರೆಯಿರಿ.