ಅಮೆರಿಕದ ಆಸ್ಪತ್ರೆ ಬಿಲ್: ಮೈಸೂರು, ಮಂಡ್ಯದಿಂದ ಬಂದವರಿಗೆ

ಮೈಸೂರಿನಲ್ಲಿ ಜ್ವರ ಬಂದರೆ ಹತ್ತಿರದ ಕ್ಲಿನಿಕ್‌ಗೆ ಹೋಗುತ್ತೇವೆ. ಫೀಸು ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದವರಿಗೆ ಮಿಮ್ಸ್ ಇದೆ. ಅಮೆರಿಕದಲ್ಲಿ ಚಿಕಿತ್ಸೆಗೆ ಒಂದು ಬೆಲೆ ಅಂತಲೇ ಇಲ್ಲ. ಅದೇ ಆಸ್ಪತ್ರೆ, ಅದೇ ಸ್ಕ್ಯಾನ್; ನಿಮ್ಮ ಇನ್ಶೂರೆನ್ಸ್ ಕಂಪನಿಗೆ ಒಂದು ರೇಟು, ಪಕ್ಕದ ಮನೆಯವರ ಕಂಪನಿಗೆ ಇನ್ನೊಂದು, ಇನ್ಶೂರೆನ್ಸ್ ಇಲ್ಲದವರಿಗೆ ಮತ್ತೊಂದು. ಬಿಲ್ ಕೈಗೆ ಬರುವುದು ಎಷ್ಟೋ ಸಲ ವಾರಗಳ ನಂತರ.

ಇದು ಹೀಗಾಗಲು ಕಾರಣ ಇದೆ. 1942ರಲ್ಲಿ, ಯುದ್ಧದ ಹೊತ್ತಿನಲ್ಲಿ, ಸರ್ಕಾರ ಸಂಬಳ ಏರಿಸುವುದಕ್ಕೆ ಮಿತಿ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಆರೋಗ್ಯ ವಿಮೆ ಕೊಡತೊಡಗಿದವು. ಯುದ್ಧ ಮುಗಿದರೂ ಆ ಏರ್ಪಾಡು ಉಳಿಯಿತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಇಡೀ ದೇಶಕ್ಕೆ ವಿಮೆ ಬೇಕು ಎಂದರು, ಆಗಲಿಲ್ಲ. 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆಗಳು ಬಂದವು. ದುಡಿಯುವ ವಯಸ್ಸಿನ ಹೆಚ್ಚಿನವರ ವಿಮೆ ಇವತ್ತಿಗೂ ಕೆಲಸಕ್ಕೇ ಅಂಟಿಕೊಂಡಿದೆ. 2024ರಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬದ ವಿಮೆಗೆ ವರ್ಷಕ್ಕೆ ಸರಾಸರಿ 25,572 ಡಾಲರ್ ಪ್ರೀಮಿಯಂ. ಅದರಲ್ಲಿ ಸುಮಾರು 6,300 ನಿಮ್ಮ ಸಂಬಳದಿಂದ ಹೋಗುತ್ತದೆ, ಉಳಿದದ್ದು ಕಂಪನಿಯದು. ಕೆಲಸ ಹೋದರೆ ‘ಕೋಬ್ರಾ’ ಕಾನೂನಿನಡಿ ಸಾಮಾನ್ಯವಾಗಿ 18 ತಿಂಗಳವರೆಗೆ ಅದೇ ವಿಮೆ ಮುಂದುವರಿಸಬಹುದು, ಆದರೆ ಕಂಪನಿಯ ಪಾಲನ್ನೂ ನೀವೇ ಕಟ್ಟಬೇಕು.

ಪ್ರೀಮಿಯಂ ಕಟ್ಟಿದ ಮೇಲೂ ಖರ್ಚು ಇದೆ. ನಿಮ್ಮ ಡಿಡಕ್ಟಿಬಲ್ (ವಿಮೆ ಕೊಡತೊಡಗುವ ಮೊದಲು ವರ್ಷಕ್ಕೆ ನೀವೇ ಕಟ್ಟಬೇಕಾದ ಮೊತ್ತ) 2,000 ಡಾಲರ್, ಕೋಇನ್ಶೂರೆನ್ಸ್ (ಅದರ ಮೇಲಿನ ಬಿಲ್ಲಿನಲ್ಲಿ ನಿಮ್ಮ ಪಾಲು) ಶೇ. 20 ಅಂದುಕೊಳ್ಳಿ. ಆ ವರ್ಷದ ಮೊದಲ ಚಿಕಿತ್ಸೆಗೆ ವಿಮೆ ಕಂಪನಿ ಒಪ್ಪಿದ ರೇಟು 5,000. ಮೊದಲ 2,000 ಪೂರ್ತಿ ನಿಮ್ಮದು. ಉಳಿದ 3,000ದಲ್ಲಿ ಶೇ. 20, ಅಂದರೆ 600. ಒಟ್ಟು 2,600 ನಿಮ್ಮ ಜೇಬಿನಿಂದ. ವರ್ಷಕ್ಕೆ ಇಂತಿಷ್ಟರ ಮೇಲೆ ಕಟ್ಟಬೇಕಿಲ್ಲ ಎಂಬ ಮಿತಿಯೂ ಇರುತ್ತದೆ. ಪ್ಲಾನ್ ಆರಿಸುವಾಗ ಪ್ರೀಮಿಯಂಗಿಂತ ಮೊದಲು ಅದನ್ನು ನೋಡಿ. ಡಾಕ್ಟರು ನಿಮ್ಮ ನೆಟ್‌ವರ್ಕ್‌ನಲ್ಲಿ (ವಿಮೆ ಕಂಪನಿಯ ಜೊತೆ ದರ ಒಪ್ಪಿಕೊಂಡವರ ಪಟ್ಟಿಯಲ್ಲಿ) ಇಲ್ಲದಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ತುರ್ತು ಚಿಕಿತ್ಸೆಯಲ್ಲಿ ಹೀಗೆ ಹೆಚ್ಚುವರಿ ಬಿಲ್ ಹಾಕುವುದನ್ನು 2022ರಿಂದ ಕಾನೂನು ತಡೆದಿದೆ. ರಸ್ತೆ ಆಂಬ್ಯುಲೆನ್ಸ್ ಮಾತ್ರ ಆ ಕಾನೂನಿಗೆ ಸೇರಿಲ್ಲ.

ಬಾಣಂತನಕ್ಕೆ ಅಂತ ಅಮ್ಮ ಬರುತ್ತಾರೆ, ಜೊತೆಗೆ ಅಪ್ಪನೂ ಬರುತ್ತಾರೆ, ಅಲ್ವಾ? ನನಗೆ ಹೆಚ್ಚು ಆತಂಕ ಇರುವುದು ಅವರ ಬಗ್ಗೆಯೇ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲ. ಹಳೇ ಕಾಯಿಲೆ ಇದ್ದರೂ ವಿಮೆ ಕೊಡಲೇಬೇಕು ಎಂಬ 2010ರ ಕಾನೂನು ವಿಸಿಟರ್ ಇನ್ಶೂರೆನ್ಸ್‌ಗೆ ಅನ್ವಯಿಸುವುದಿಲ್ಲ. ಕಡಿಮೆ ಬೆಲೆಯ ‘ಫಿಕ್ಸೆಡ್ ಬೆನಿಫಿಟ್’ ಪ್ಲಾನ್‌ಗಳು ಒಂದೊಂದು ಚಿಕಿತ್ಸೆಗೆ ಇಷ್ಟೇ ಅಂತ ಕೊಟ್ಟು ಕೈತೊಳೆದುಕೊಳ್ಳುತ್ತವೆ. ದುಡ್ಡು ಜಾಸ್ತಿಯಾದರೂ ಬಿಲ್ಲಿನ ಹೆಚ್ಚಿನ ಪಾಲನ್ನು ಪಾಲಿಸಿಯ ಮಿತಿಯವರೆಗೆ ಭರಿಸುವ ‘ಕಾಂಪ್ರಿಹೆನ್ಸಿವ್’ ಪ್ಲಾನ್ ತೆಗೆದುಕೊಳ್ಳಿ. ಬಿಪಿ, ಶುಗರ್ ಇದ್ದರೆ ಹಠಾತ್ ಉಲ್ಬಣಕ್ಕೆ ಎಷ್ಟು ಕೊಡುತ್ತಾರೆ, ಯಾವ ವಯಸ್ಸಿನವರೆಗೆ ಕೊಡುತ್ತಾರೆ ಎಂದು ಓದಿ. ಇರುವಷ್ಟು ದಿನಕ್ಕೆ ಬೇಕಾದ ಮಾತ್ರೆ, ಡಾಕ್ಟರ ಚೀಟಿ ಊರಿನಿಂದಲೇ ತರಿಸಿ. ಎದೆನೋವು ಬಂದರೆ ಮಾತ್ರ ಬಿಲ್ಲಿಗೆ ಹೆದರಿ ಮನೆಯಲ್ಲಿ ಕೂರಬೇಡಿ. 1986ರ ಕಾನೂನಿನ ಪ್ರಕಾರ ಮೆಡಿಕೇರ್ ಒಪ್ಪುವ ಆಸ್ಪತ್ರೆಗಳ ಎಮರ್ಜೆನ್ಸಿ ವಿಭಾಗ, ದುಡ್ಡು ಇರಲಿ ಬಿಡಲಿ, ಪರೀಕ್ಷೆ ಮಾಡಿ ಸ್ಥಿತಿ ಸುಧಾರಿಸುವ ಚಿಕಿತ್ಸೆ ಕೊಡಲೇಬೇಕು. ಬಿಲ್ ಆಮೇಲೆ ಬರುತ್ತದೆ. ಬಂದಾಗ ಪ್ರತಿ ಐಟಂನ ವಿವರ ಕೇಳಿ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ನೀತಿ ಇಟ್ಟಿರಲೇಬೇಕು. ಅದರ ಅರ್ಜಿಯನ್ನೂ ಕೇಳಿ.

ಇಷ್ಟೆಲ್ಲ ಎಚ್ಚರ ಒಬ್ಬೊಬ್ಬರೇ ವಹಿಸಬೇಕಾಗಿರುವುದೇ ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಕರ್ನಾಟಕದ ಸಹಕಾರಿಗಳಿಗಾಗಿ ಬಂದ ನಮ್ಮ ಯಶಸ್ವಿನಿ ಆರೋಗ್ಯ ಯೋಜನೆ ನೆನಪಿಸಿಕೊಳ್ಳಿ. 2003ರಲ್ಲಿ ಶುರುವಾದಾಗ ಸಹಕಾರ ಸಂಘದ ರೈತರು ತಿಂಗಳಿಗೆ ಕಟ್ಟುತ್ತಿದ್ದದ್ದು 5 ರೂಪಾಯಿ. ಲಕ್ಷಾಂತರ ಜನ ಒಂದೇ ಗುಂಪಾಗಿದ್ದರಿಂದ ಆಸ್ಪತ್ರೆಗಳ ಜೊತೆ ಆಪರೇಷನ್ ದರವನ್ನು ಮೊದಲೇ ಮಾತಾಡಿ ನಿಗದಿ ಮಾಡಲು ಆಯಿತು. ನಡುವೆ ನಿಂತಿದ್ದು 2022ರಲ್ಲಿ ಮತ್ತೆ ಬಂತು. ಅಮೆರಿಕ 2023ರಲ್ಲಿ ಆರೋಗ್ಯಕ್ಕೆ ಸುಮಾರು 4.9 ಲಕ್ಷ ಕೋಟಿ ಡಾಲರ್ ಖರ್ಚು ಮಾಡಿತು, ದೇಶದ ಉತ್ಪನ್ನದ ಶೇ. 17.6. ಆದರೂ ಎರಡೂವರೆ ಕೋಟಿಗೂ ಹೆಚ್ಚು ಜನರಿಗೆ ವಿಮೆಯೇ ಇಲ್ಲ. ನೂರಾರು ಕಂಪನಿಗಳು ಬೇರೆ ಬೇರೆಯಾಗಿ ಚೌಕಾಸಿ ಮಾಡುತ್ತವೆ. ಅದರ ಕಾಗದಪತ್ರದ ಖರ್ಚೂ ನಮ್ಮ ತಲೆಯ ಮೇಲೆಯೇ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ 1962ರಲ್ಲೇ ಎಲ್ಲರಿಗೂ ಒಂದೇ ವಿಮೆ ತಂದಿತು, ಆಮೇಲೆ ಇಡೀ ದೇಶ ಆ ದಾರಿ ಹಿಡಿಯಿತು. ಅಲ್ಲಿ ತುರ್ತಲ್ಲದ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ತೆರಿಗೆಯೂ ಕಟ್ಟಬೇಕು, ನಿಜ. ಆದರೆ ಕೆಲಸ ಹೋದ ದಿನ ಡಾಕ್ಟರು ಕೈತಪ್ಪಿ ಹೋಗುವುದಿಲ್ಲ. ಅಮೆರಿಕದಲ್ಲೂ ಒಟ್ಟಾಗಿ ಬೆಲೆ ಮಾತಾಡುವುದು ಶುರುವಾಗಿದೆ: 2022ರ ಕಾನೂನಿನಂತೆ ಮೆಡಿಕೇರ್ ಮಾತಾಡಿ ಇಳಿಸಿದ ಮೊದಲ 10 ಔಷಧಿಗಳ ದರ 2026ರ ಜನವರಿಯಿಂದ ಜಾರಿ. ಇಲ್ಲಿ ಸಿಟಿಜನ್ ಆಗಿರುವ ನಮ್ಮವರು ವೋಟು ಕೇಳಲು ಬಂದ ಅಭ್ಯರ್ಥಿಯನ್ನು ನೇರವಾಗಿ ಕೇಳಬೇಕು: ಈ ಚೌಕಾಸಿಯ ಲಾಭ 65 ದಾಟದವರಿಗೆ ಯಾವಾಗ?