ಕೆಚ್ಚಲು ಬಾವನ್ನು ಮನೆಯಲ್ಲೇ ಪತ್ತೆ ಹಚ್ಚುವುದು ಹೇಗೆ?

ಮಂಡ್ಯ, ಮದ್ದೂರು ಕಡೆ ಹಸು ಕಟ್ಟಿದವರಿಗೆ ಕೆಚ್ಚಲು ಬಾವು ಹೊಸದೇನಲ್ಲ. ಕೆಚ್ಚಲು ಊದಿ, ಹಾಲು ಒಡೆದಂತೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ತೊಂದರೆ ಇರುವುದು ಕಣ್ಣಿಗೆ ಕಾಣದ ಬಾವಿನಲ್ಲಿ. ಅದೇ ಜಾಸ್ತಿ. ಹಸು ಚೆನ್ನಾಗಿ ಮೇಯುತ್ತದೆ, ಹಾಲೂ ಬೆಳ್ಳಗಿರುತ್ತದೆ, ಆದರೆ ಅಳತೆ ಇಳಿಯುತ್ತದೆ. ಡೈರಿಯಲ್ಲಿ ಹಾಲಿನ ಕೊಬ್ಬು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ಕಡಿಮೆ ಬರುತ್ತದೆ. ನಾವು ಸುಮ್ನೆ ಬೂಸಾದವನನ್ನು ಬೈಯುತ್ತೇವೆ.

ಇದನ್ನು ಹಿಡಿಯುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್; ಮಾಸ್ಟೈಟಿಸ್ ಅಂದರೆ ಕೆಚ್ಚಲು ಬಾವು) ಪರೀಕ್ಷೆಯನ್ನು 1957ರಲ್ಲಿ ಕ್ಯಾಲಿಫೋರ್ನಿಯಾದ ಶಾಲ್ಮ್ ಮತ್ತು ನೂರ್ಲಾಂಡರ್ ರೂಪಿಸಿದರು. ಸೋಂಕಿದ್ದರೆ ಹಾಲಿನಲ್ಲಿ ಬಿಳಿ ರಕ್ತಕಣ ಹೆಚ್ಚುತ್ತದೆ. ಸೋಪಿನಂಥ ದ್ರಾವಣ ಬಿದ್ದಾಗ ಆ ಕಣಗಳು ಒಡೆದು, ಒಳಗಿನ ಡಿಎನ್‌ಎ ಹೊರಬಂದು ಹಾಲು ಲೋಳೆಯಾಗುತ್ತದೆ. ಅಷ್ಟೇ ಇದರ ಗುಟ್ಟು.

ಮೊದಲು ಕೈ ತೊಳೆದು, ತೊಟ್ಟುಗಳನ್ನು ಒರೆಸಿ ಒಣಗಿಸಿ. ಮೊದಲ ನಾಲ್ಕೈದು ಸೆಳೆ ಹಾಲನ್ನು ಕಪ್ಪು ಬಟ್ಟಲಿಗೆ ಕರೆದು ಗಡ್ಡೆ ಇದೆಯೇ ನೋಡಿ. ನೆಲಕ್ಕೆ ಕರೆಯಬೇಡಿ, ಸೋಂಕು ಕೊಟ್ಟಿಗೆಗೆಲ್ಲ ಹರಡುತ್ತದೆ. ಆಮೇಲೆ ನಾಲ್ಕು ಗುಳಿಯ ತಟ್ಟೆಯಲ್ಲಿ ಒಂದೊಂದು ತೊಟ್ಟಿನ ಹಾಲನ್ನು ಬೇರೆ ಬೇರೆಯಾಗಿ 2–3 ಮಿ.ಲೀ. ಹಿಡಿಯಿರಿ. ಅಷ್ಟೇ ದ್ರಾವಣ ಹಾಕಿ, 10–15 ಸೆಕೆಂಡು ತಟ್ಟೆಯನ್ನು ಮೆಲ್ಲಗೆ ತಿರುಗಿಸಿ. ನೀರಿನಂತೆ ಹರಿದರೆ ಸರಿ. ಲೋಳೆಯಾದರೆ ಆ ತೊಟ್ಟಿನಲ್ಲಿ ಬಾವು ಇದೆ ಎಂದು ಅನುಮಾನಿಸಿ. ಕಿಟ್ ಇಲ್ಲವೇ? ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿದರೂ ನಡೆಯುತ್ತದೆ. ಪರೀಕ್ಷಿಸಿದ ಹಾಲನ್ನು ಚೆಲ್ಲಿಬಿಡಿ. ಕರು ಹಾಕಿದ ಮೊದಲ ದಿನಗಳಲ್ಲಿ ಮಾತ್ರ ಈ ಪರೀಕ್ಷೆ ನಂಬಬೇಡಿ.

ಬಾವು ಕಂಡ ಕೂಡಲೇ ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯೋಟಿಕ್ ಟ್ಯೂಬ್ ತಂದು ತೊಟ್ಟಿನೊಳಗೆ ಏರಿಸುವ ಚಾಳಿ ನಮ್ಮಲ್ಲಿದೆ. ನನ್ನ ಪ್ರಕಾರ ಬಾವಿಗಿಂತ ಇದೇ ಕೆಟ್ಟದ್ದು. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಪಶುವೈದ್ಯರನ್ನು ಕೇಳಿ.

ಇನ್ನು ಜನ ಜಾರಿಕೊಳ್ಳುವ ಜಾಗಕ್ಕೆ ಬರೋಣ. ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು, ಔಷಧದ ಚೀಟಿಯಲ್ಲಿ ಬರೆದಷ್ಟು ದಿನ ಡೈರಿಗೆ ಹಾಕುವಂತಿಲ್ಲ. ಚೀಟಿಯಲ್ಲಿ ಅವಧಿ ಇಲ್ಲದಿದ್ದರೆ ನಮ್ಮ ದೇಶದ ಔಷಧ ನಿಯಮದಂತೆ ಕನಿಷ್ಠ 7 ದಿನ. ದಿನ ಎಣಿಸಬೇಕಾದ್ದು ಕೊನೆಯ ಡೋಸ್ ಕೊಟ್ಟ ಮೇಲೆ. ಟ್ಯೂಬ್ ಏರಿಸಿದ್ದು ಒಂದೇ ತೊಟ್ಟಿಗಾದರೂ ನಾಲ್ಕೂ ತೊಟ್ಟಿನ ಹಾಲು ಬಿಡಬೇಕು, ಏಕೆಂದರೆ ಔಷಧ ರಕ್ತಕ್ಕೆ ಸೇರುತ್ತದೆ. ಕಾಯಿಸಿದರೆ ಹೋಗುತ್ತದಲ್ವಾ ಎನ್ನುವವರಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಔಷಧ ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಕೂರದೇ ಇರಬಹುದು, ಹೆಪ್ಪಿನ ಬ್ಯಾಕ್ಟೀರಿಯಾವೂ ಸಾಯುತ್ತದೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಇನ್ನೂ ಅಪಾಯ. ನಿಮ್ಮ ಒಂದು ಕ್ಯಾನ್ ಊರಿನ ಹಾಲಿಗೆಲ್ಲ ಸೇರುತ್ತದೆ, ನೆನಪಿರಲಿ. ಈ ಹಾಲನ್ನು ಕರುವಿಗೂ ಕುಡಿಸಬೇಡಿ, ಗುಂಡಿಗೆ ಸುರಿಯಿರಿ.

ಬಾವು ಬಾರದಂತೆ ನೋಡಿಕೊಳ್ಳಲು ಮೂರೇ ಕೆಲಸ. ಕರೆದಾದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಆಮೇಲೆ ಮೇವು ಹಾಕಿ ಹಸುವನ್ನು ಮಲಗಲು ಬಿಡದೆ ಅರ್ಧ ಗಂಟೆ ನಿಲ್ಲಿಸಿ, ಆಗ ತೊಟ್ಟಿನ ಬಾಯಿ ಇನ್ನೂ ತೆರೆದಿರುತ್ತದೆ. ಬಾವಿರುವ ಹಸುವನ್ನು ಯಾವಾಗಲೂ ಕೊನೆಗೆ ಕರೆಯಿರಿ.