ಕೋಡ್‌ಗೆ ಬಣ್ಣ ಬರುತ್ತಿಲ್ಲವೇ? ಥೀಮ್ ಬದಲಿಸುವ ಮೊದಲು ಸ್ಪ್ಯಾನ್ ನೋಡಿ

ಕೊಪ್ಪಳದಲ್ಲಿ ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯೊಬ್ಬಳು ಹ್ಯೂಗೋದಲ್ಲಿ (ಬರಹದ ಕಡತಗಳಿಂದ ವೆಬ್ ಪುಟ ಕಟ್ಟಿಕೊಡುವ ಸಾಧನ) ತನ್ನದೇ ವೆಬ್‌ಸೈಟ್ ಕಟ್ಟಿದ್ದಾಳೆ. ತುಂಗಭದ್ರಾ ಜಲಾಶಯ ತುಂಬಲು ಇನ್ನೆಷ್ಟು ಅಡಿ ಬಾಕಿ ಎಂದು ಹೇಳುವ ಪುಟ್ಟ ಪೈಥಾನ್ ಕೋಡ್ ಅದರಲ್ಲಿತ್ತು. 1633 ಅಡಿಯಿಂದ ಇಂದಿನ ಮಟ್ಟ ಕಳೆಯುವುದು, ಅಷ್ಟೇ. ಕೋಡ್ ಚೆನ್ನಾಗಿತ್ತು. ಪುಟದಲ್ಲಿ ಮಾತ್ರ ಎಲ್ಲ ಕಪ್ಪು. ಬಣ್ಣ ಬರಲಿ ಅಂತ ಮೂರು ಥೀಮ್ ಬದಲಿಸಿದ್ದಳು. ಎಲ್ಲರೂ ಎಡವುವುದು ಇಲ್ಲೇ.

1. ಬ್ಯಾಕ್‌ಟಿಕ್ ನೋಡಿ. ಕೋಡ್‌ನ ಮೇಲೆ, ಕೆಳಗೆ ಮೂರು ಮೂರು ಬ್ಯಾಕ್‌ಟಿಕ್ ಇರಬೇಕು. ಅದು ಎಸ್ಕೇಪ್ ಕೀಲಿಯ ಕೆಳಗಿರುವ ಗುರುತು, ಎಂಟರ್ ಪಕ್ಕದ ಕೋಟ್ ಅಲ್ಲ. ಮೇಲಿನ ಸಾಲಿನಲ್ಲಿ ಬ್ಯಾಕ್‌ಟಿಕ್ ಆದ ಕೂಡಲೇ ಕೋಡ್ ಭಾಷೆಯ ಹೆಸರನ್ನೂ (ಇಲ್ಲಿ python) ಬರೆಯಿರಿ.

2. ಸ್ಪ್ಯಾನ್ ನೋಡಿ. ಸ್ಪ್ಯಾನ್ ಅಂದರೆ ಪುಟದ ಎಚ್‌ಟಿಎಂಎಲ್‌ನಲ್ಲಿ ಪದದ ಸುತ್ತ ಹಾಕುವ ಟ್ಯಾಗ್. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಬ್ರೌಸರ್‌ನಲ್ಲಿ ಕೋಡ್ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್ಸ್‌ಪೆಕ್ಟ್ ಒತ್ತಿ.

ಬಣ್ಣ ಹಚ್ಚಬೇಕಾದ ಪದಗಳ ಸುತ್ತ ಸ್ಪ್ಯಾನ್ ಟ್ಯಾಗ್ ಇಲ್ಲವೇ? ಹಾಗಾದರೆ ಹ್ಯೂಗೋಗೆ ಅದು ಯಾವ ಭಾಷೆ ಅಂತ ಗೊತ್ತಾಗಿಲ್ಲ. ಒಂದನೇ ಹಂತಕ್ಕೆ ಹಿಂತಿರುಗಿ.

ಸ್ಪ್ಯಾನ್ ಒಳಗೇ ಸ್ಟೈಲ್ ಎಂದು ಬಣ್ಣ ಬರೆದಿದೆಯೇ? ಹ್ಯೂಗೋ ತಾನಾಗಿ ಮಾಡುವುದು ಹೀಗೆಯೇ. ಆಗ ನೀವು ಪುಟದ ಬಣ್ಣ, ರೂಪ ಹೇಳುವ ಸಿಎಸ್ಎಸ್ ಕಡತದಲ್ಲಿ ಎಷ್ಟು ತಿದ್ದಿದರೂ ಏನೂ ಬದಲಾಗದು. ಹಾಗಂತ ಪ್ರತಿ ಸಾಲಿಗೂ ‘ಇಂಪಾರ್ಟೆಂಟ್’ (ಬೇರೆ ನಿಯಮಗಳನ್ನು ಮೀರಿಸುವ ಸಿಎಸ್ಎಸ್ ಪದ) ಅಂಟಿಸಬೇಡಿ, ಆಮೇಲೆ ಬಿಡಿಸಲು ಆಗುವುದಿಲ್ಲ. ಕಾನ್ಫಿಗ್‌ನಲ್ಲಿ (ಹ್ಯೂಗೋದ ಸೆಟ್ಟಿಂಗ್ ಕಡತ) ಬಣ್ಣದ ಸ್ಟೈಲ್‌ನ ಹೆಸರು ಬದಲಿಸಿ, ಸಾಕು.

ಸ್ಪ್ಯಾನ್‌ಗೆ ಕ್ಲಾಸ್ (ಗುರುತಿನ ಹೆಸರು) ಇದೆ, ಬಣ್ಣ ಮಾತ್ರ ಇಲ್ಲವೇ? ಆ ಹುಡುಗಿಯದು ಇದೇ ಸಮಸ್ಯೆ. ಎಲ್ಲಿಂದಲೋ ನಕಲು ಮಾಡಿದ ಕಾನ್ಫಿಗ್‌ನಲ್ಲಿ ‘ನೋಕ್ಲಾಸಸ್’ ಎದುರು ಫಾಲ್ಸ್ ಇತ್ತು. ಅಂದರೆ ಹ್ಯೂಗೋ ಪದಗಳಿಗೆ ಗುರುತು ಮಾತ್ರ ಹಾಕುತ್ತದೆ, ಬಣ್ಣ ಕೊಡುವ ಕಡತ ನೀವೇ ಇಡಬೇಕು. ಟರ್ಮಿನಲ್‌ನಲ್ಲಿ ‘ಹ್ಯೂಗೋ ಜೆನ್ ಕ್ರೋಮಾಸ್ಟೈಲ್ಸ್’ ಆದೇಶ ಕೊಟ್ಟರೆ ಆ ಸಿಎಸ್ಎಸ್ ಸಿಗುತ್ತದೆ. ಅದನ್ನು ಸ್ಟ್ಯಾಟಿಕ್ ಫೋಲ್ಡರ್‌ನಲ್ಲಿ ಉಳಿಸಿ, ಪುಟದ ಹೆಡ್ ಭಾಗದಲ್ಲಿ ಲಿಂಕ್ ಕೊಡಿ. ಹ್ಯೂಗೋದಂಥದೇ ಇನ್ನೊಂದು ಸಾಧನವಾದ ಜೆಕಿಲ್ ಬಳಸುವವರಿಗೆ ಇದೇ ಕೆಲಸವನ್ನು ‘ರೂಜಿಫೈ ಸ್ಟೈಲ್’ ಮಾಡುತ್ತದೆ.

ಇಷ್ಟಾದರೂ ಬಣ್ಣ ಬರದಿದ್ದರೆ ಅದೇ ಇನ್ಸ್‌ಪೆಕ್ಟ್ ಕಿಟಕಿಯಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆಯಿರಿ. ಆ ಕಡತದ ಎದುರು 404 (ಕಡತ ಸಿಗಲಿಲ್ಲ) ಎಂದಿದ್ದರೆ ವಿಳಾಸ ತಪ್ಪಿದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಣ್ಣವಿದ್ದು, ಗಿಟ್‌ಹಬ್ ಪೇಜಸ್‌ಗೆ ಹಾಕಿದಾಗ ಮಾಯವಾದರೆ ಲಿಂಕ್‌ನ ಮೊದಲಲ್ಲಿರುವ ಓರೆಗೆರೆಯನ್ನು ನೋಡಿ. ಸೈಟ್ ಉಪಫೋಲ್ಡರ್‌ನಲ್ಲಿದ್ದರೆ ಆ ಗೆರೆ ಬ್ರೌಸರನ್ನು ಫೋಲ್ಡರ್‌ನ ಹೊರಗೆ ಕಳಿಸುತ್ತದೆ. ಗೆರೆ ತೆಗೆದು, ವಿಳಾಸವನ್ನು ಹ್ಯೂಗೋದ ‘ರೆಲ್‌ಯುಆರ್‌ಎಲ್’ ಮೂಲಕ ಕೊಡಿ.

3. ಕ್ಯಾಶ್ (ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ) ಬಿಟ್ಟು ಲೋಡ್ ಮಾಡಿ. ಕಂಟ್ರೋಲ್, ಶಿಫ್ಟ್, ಆರ್.

ಕೆಲವರು ಸುಮ್ನೆ ಬ್ರೌಸರ್‌ನಲ್ಲೇ ಬಣ್ಣ ಹಚ್ಚುವ ಸ್ಕ್ರಿಪ್ಟ್‌ಗಳಾದ ಪ್ರಿಸಂ ಅಥವಾ ಹೈಲೈಟ್ ಜೆಎಸ್‌ನ ಒಂದು ಸಾಲು ಅಂಟಿಸಿಬಿಡುತ್ತಾರೆ. ಬೇಡ. ಬಣ್ಣವನ್ನು ಸೈಟ್ ಕಟ್ಟುವಾಗಲೇ ಹಚ್ಚಿ ಮುಗಿಸಬಹುದಾದ ಕೆಲಸಕ್ಕೆ ಓದುಗರ ಫೋನ್‌ನಲ್ಲಿ ಸ್ಕ್ರಿಪ್ಟ್ ಏಕೆ ಓಡಬೇಕು? ಹಳ್ಳಿಯಲ್ಲಿ ಸಿಗ್ನಲ್ ಕಡಿಮೆ ಇದ್ದರೆ ಪುಟ ತೆರೆಯುವುದೇ ಕಷ್ಟ, ಅಲ್ವಾ? ಹ್ಯೂಗೋ ಕೂಡ ಬಣ್ಣ ಹಚ್ಚುತ್ತಿದ್ದರೆ ಎರಡೂ ಸೇರಿ ಬಣ್ಣ ಇನ್ನೂ ಕೆಡುತ್ತದೆ.

4. ಕೆಂಪು ಕಲೆ ಕಂಡರೆ. ಕೆಲವು ಬಣ್ಣದ ಸ್ಟೈಲ್‌ಗಳಲ್ಲಿ ಹ್ಯೂಗೋಗೆ ಅರ್ಥವಾಗದ ಅಕ್ಷರದ ಹಿಂದೆ ಕೆಂಪು ಬರುತ್ತದೆ. ಸ್ಪ್ಯಾನ್‌ನ ಕ್ಲಾಸ್ ಇದ್ದರೆ ಅದು ‘ಇಆರ್‌ಆರ್’ ಎಂದಿರುತ್ತದೆ. ಜಾಸ್ತಿ ಸಲ ಕಾರಣ ವರ್ಡ್‌ನಿಂದ ನಕಲು ಮಾಡಿದಾಗ ಬಂದ ಬಾಗಿದ ಕೋಟ್ ಗುರುತು. ಅದನ್ನು ನೇರ ಕೋಟ್ ಮಾಡಿ. ಕನ್ನಡದಲ್ಲಿ ಬರೆದ ಕಾಮೆಂಟ್ ಮೇಲೆ ಅನುಮಾನ ಪಟ್ಟು ಅದನ್ನು ಅಳಿಸಬೇಡಿ. ಪೈಥಾನ್‌ಗೂ ಹ್ಯೂಗೋಗೂ ಅದರಿಂದ ಏನೂ ತೊಂದರೆಯಿಲ್ಲ.